ಬಾವರ್ಚಿಯ ಮಗಳ ನಿಯ್ಯತ್ತು

ಗದಗ ಜಿಲ್ಲೆಯಾದ ಹೊಸದರಲ್ಲಿ ಹೆಣ್ಣುಮಕ್ಕಳ ಒಂದು ಸಂಸ್ಥೆಯವರು ನನ್ನನ್ನು ಹುಡುಕಿಕೊಂಡು ಶಿರಹಟ್ಟಿಗೆ ಬಂದರು. ಓಣಿಯ ಹುಡುಗಿಯರಿಗೆ ಕುರಾನ್ ಓದಲು ಕಲಿಸುವುದು, ಹೆಂಗಸರು ಸತ್ತರೆ ಅವರ ಹೆಣಕ್ಕೆ ಕೊನೆಯ ಸ್ನಾನ ಮಾಡಿಸುವುದು, ಇವೇ ಎರಡು ನನ್ನ ಕೆಲಸ. ಕನ್ನಡ ಸಾಲೆಯ ಎರಡನೇ ಇಯತ್ತೆ ನೋಡಿದ್ದೇನೆ. ಬಸ್ಸಿನ ಬೋರ್ಡು ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಇದನ್ನು ಬರೆದದ್ದು ನಾನೇ. ಒತ್ತಕ್ಷರ ತಿದ್ದಿದವರು ಬೇರೆ.

ಗದಗದ ಮೇಡಂ ಹೇಳಿದ ಕೆಲಸ ಕೇಳಲು ಸುಲಭವಿತ್ತು. ಮದುವೆ, ಮಕ್ಕಳು, ಅತ್ತೆ ಮಾವ ಎಂದು ಹೆಂಗಸರು ಹಿಂದಕ್ಕೆ ಸರಿಸಿಟ್ಟ ಆಸೆ ಒಂದಾದರೂ ಇರುತ್ತದೆ. ವಾರಕ್ಕೊಮ್ಮೆ ಅವರನ್ನು ಕೂಡಿಸಬೇಕು. ಅವರವರ ದೇವರ ಮೇಲೆ ಅವರಿಗಿರುವ ನಂಬಿಕೆಯನ್ನೇ ಹಿಡಿದು ಧೈರ್ಯ ಕೊಡಬೇಕು, ಆ ಆಸೆಯನ್ನು ಮತ್ತೆ ಅವರ ಕೈಗೆ ಕೊಡಬೇಕು. ಬೆಟಗೇರಿಯ ಒಂದು ಕೋಣೆಯಲ್ಲಿ ನಮಗೆ ತರಬೇತಿ ಆಯಿತು. ಮುಂಡರಗಿ ಕಡೆಯಿಂದ ಭಜನೆ ಹೇಳುವ ಮುದುಕಿ ಬಂದಿದ್ದಳು, ಲಕ್ಷ್ಮೇಶ್ವರದಿಂದ ಒಬ್ಬ ಸೂಲಗಿತ್ತಿ ಬಂದಿದ್ದಳು. ಮೇಡಂ ಎಲ್ಲರಿಗೂ ಒಂದೇ ಮಾತು ಹೇಳಿಕೊಟ್ಟರು: ಮೊದಲು "ನಿಮ್ಮ ಕನಸು ಏನು?" ಎಂದು ಕೇಳಿರಿ. ಕೇಳಿ ಸುಮ್ಮನೆ ಕೂಡಿರಿ.

ನಾನು ಹಾಗೇ ಕೇಳಿದೆ. ತೊಂದರೆ ಶುರುವಾದದ್ದು ಅಲ್ಲಿ.

ಗುರುವಾರ, ಮಧ್ಯಾಹ್ನದ ನಮಾಜು ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ಕೂಟ. ಅರ್ಧ ನಮ್ಮವರು, ಅರ್ಧ ಹಿಂದಿನ ಓಣಿಯ ಲಿಂಗಾಯತರ ಹೆಣ್ಣುಮಕ್ಕಳು. ಅದಕ್ಕೇ ಕೂಟದ ಮಾತೆಲ್ಲ ಕನ್ನಡದಲ್ಲಿ. ಎಲ್ಲರೂ ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ.

"ನಿಮ್ಮ ಕನಸು ಏನೈತಿ, ಒಬ್ಬೊಬ್ರ ಹೇಳ್ರಿ," ಎಂದೆ.

ಒಬ್ಬರ ಮುಖ ಒಬ್ಬರು ನೋಡಿದರು. ಲಿಂಗಾಯತರ ಒಬ್ಬಾಕೆ ಬಾಯಿ ಗಟ್ಟಿಯವಳು, ಅವಳೇ ಮೊದಲು ಶುರು ಮಾಡಿದಳು.

"ಮೊನ್ನಿ ಎಮ್ಮಿ ಬೆನ್ನ ಹತ್ತಿತ್ತು ನೋಡ್ರಿ ಖಾಲಾ. ಬೆಳಕ ಹರಿಯೂತನಾ ಓಡಸೇತಿ. ಇನ್ನೂ ಕಾಲ ನೋಯಾಕತ್ತಾವ."

ಎಲ್ಲರೂ ನಕ್ಕರು. ಇನ್ನೊಬ್ಬಳು "ನಂದು ಹಲ್ಲ ಉದರಿದ್ಹಂಗ..." ಎನ್ನುವಷ್ಟರಲ್ಲಿ ಪಕ್ಕದವಳು ಅವಳ ಬಾಯಿ ಮುಚ್ಚಿದಳು. ಹಲ್ಲು ಉದುರುವ ಕನಸು ಹೇಳಬಾರದು, ಮನೆಯಲ್ಲಿ ಸಾವಾಗುತ್ತದೆ ಎನ್ನುತ್ತಾರೆ. ನಮ್ಮ ಕಡೆ ಕನಸು ಎಂದರೆ ನಿದ್ದೆಯಲ್ಲಿ ಬೀಳುವುದು ಅಷ್ಟೇ. ಮೇಡಂ ಬೇರೆ ಏನೋ ಕೇಳಿದ್ದಾರೆ ಎಂದು ನನಗೂ ಹೊಳೆಯಲಿಲ್ಲ. ಗದಗದವರು ಕನಸು ನೋಡಿ ಮದ್ದು ಹೇಳುತ್ತಾರೇನೋ ಎಂದುಕೊಂಡಿದ್ದೆ.

ಕೊನೆಗೆ ಬಾಗಿಲ ಹತ್ತಿರ ಕೂತಿದ್ದವಳು ಬಾಯಿ ತೆರೆದಳು. ಲಕ್ಷ್ಮೇಶ್ವರದ ಒಬ್ಬ ಬಾವರ್ಚಿಯ ಮಗಳು ಅವಳು. ಬಾವರ್ಚಿ ಎಂದರೆ ನಮ್ಮ ಮದುವೆಗಳ ಅಡುಗೆಯವ, ದೇಗು ಎಂಬ ದೊಡ್ಡ ತಾಮ್ರದ ಪಾತ್ರೆಯಲ್ಲಿ ಅನ್ನ ಮಾಡುವವ. ಶಿರಹಟ್ಟಿಯ ಗಾದಿ ಹೊಲಿಯುವವರ ಮನೆಗೆ ಅವಳನ್ನು ಕೊಟ್ಟಿದ್ದರು. ಆಗಲೇ ತಲೆಯಲ್ಲಿ ಬಿಳಿಕೂದಲು ಬಂದಿತ್ತು.

"ಮದಿವಿ ಮನಿ ಖಾಲಾ. ದೇಗಿನ ಮುಂದ ನಾ ಕುಂತಿರತೀನಿ. ಮಂದಿ ಉಣ್ಣಾಕ ಕುಂತೈತಿ. ಮುಚ್ಚಳ ತಗೀತೀನಿ, ಒಳಗ ಹಸೀ ಅಕ್ಕಿ ತಣ್ಣೀರಾಗ ಕುಂತಿರತೈತಿ. ಸತ್ತ ನಮ್ಮಪ್ಪ ಬಾಜೂಕ ನಿಂತಿರತಾನ. ಏನೂ ಅನ್ನಂಗಿಲ್ಲ. ಸುಮ್ಮ ನೋಡತಾನ."

"ಯಾವಾಗಿಂದ ಬೀಳತೈತಿ?"

"ಮದಿವಿ ಆದಾಗಿಂದ."

ಒಬ್ಬ ಮುದುಕಿ ಎಡಕ್ಕೆ ತಿರುಗಿ ಮೂರು ಸಲ ಥೂ ಎಂದಳು. ಕೆಟ್ಟ ಕನಸನ್ನು ಯಾರಿಗೂ ಹೇಳಬಾರದು, ಹೇಳಿದರೆ ಅದಕ್ಕೆ ಕಾಲು ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿದವರು ನಾವು. ಹಸಿ ಅಕ್ಕಿ, ಮಾತಾಡದ ಸತ್ತ ಅಪ್ಪ. ಯಾರೂ ಚಹಾ ಕುಡಿಯಲಿಲ್ಲ. ಎದ್ದು ಹೋದರು. ನಾನು ಹೆದರುವ ಹೆಂಗಸಲ್ಲ, ತಣ್ಣಗಾದ ಮೈ ತೊಳೆದ ಕೈ ಇವು. ಆದರೂ ಆ ಸಂಜೆ ಬಾಗಿಲಿಗೆ ಅಗಳಿ ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಎದ್ದು ನೋಡಿದೆ.

ಆ ವಾರವೇ ಅವಳ ಸಣ್ಣ ಮಗನಿಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ. ಅವಳ ಅತ್ತೆ ನಮ್ಮ ಹೊಸ್ತಿಲ ಮುಂದೆ ಬಂದು ನಿಂತಳು.

"ಸತ್ತವ್ರನ್ನ ತೊಳಿಯೂದು ಸಾಲಲಿಲ್ಲೇನ ನಿನಗ? ಇದ್ದವ್ರ ಮನಿಗೂ ಕೈ ಹಾಕೀದಿ!"

"ಒಳಗ ಬಾ, ಕುಂತ ಮಾತಾಡು."

"ನಿನ್ನ ಮನಿ ನೀರೂ ಬ್ಯಾಡ. ನನ್ನ ಸೊಸಿ ಬಾಯಾಗಿಂದ ಆ ಕನಸ ಹೊರಗ ಹಾಕಸೀದಿ. ಕೂಸಿಗೆ ಏನರ ಆತಂದ್ರ ಉತ್ತರಾ ನೀನ ಕೊಡಬೇಕು, ನಿಮ್ಮ ಗದಗದ ಮೇಡಂ ಅಲ್ಲ!"

ಆ ಕೂಸು ಉಳಿಯದಿದ್ದರೆ ಅದರ ಅಜ್ಜಿ ಅಂದ ಮಾತು ಈ ಓಣಿಯಲ್ಲಿ ನನಗಿಂತ ಹೆಚ್ಚು ಕಾಲ ಬದುಕುತ್ತದೆ ಎಂದು ನನಗೆ ಗೊತ್ತಿತ್ತು. ನಮಾಜಿನಲ್ಲಿ ಹಣೆ ನೆಲಕ್ಕಿಟ್ಟಾಗಲೂ ಆ ಕೂಸಿನ ಕೆಮ್ಮೇ ಕೇಳಿಸುತ್ತಿತ್ತು. ಕೆಲಸ ಬಿಡುತ್ತೇನೆಂದು ಹೇಳಲು ಗದಗಕ್ಕೆ ಹೋದೆ.

ನಡೆದದ್ದನ್ನೆಲ್ಲ ಕೇಳಿ ಮೇಡಂ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ತಪ್ಪು ನಂದ ಐತ್ರಿ ಅಮ್ಮಾರ. ನಾ ಕನಸು ಅಂದದ್ದು ಆಸಿಗೆ. ಮುಂದ ಏನು ಆಗಬೇಕಂತ ಮನಸಿನ್ಯಾಗ ಇರತೈತಲ್ರಿ, ಅದಕ್ಕ."

"ಹಂಗಾರ ಆಸಿ ಅನ್ರಲ್ಲ. ಆಸಿ ಅಂದಿದ್ರ ಯಾರೂ ಥೂ ಅಂತಿರಲಿಲ್ಲ."

"ಆಸಿ ಅಂದ್ರ ಯಾರೂ ಬಾಯೂ ಬಿಡತಿರಲಿಲ್ರಿ."

ಅದೂ ಖರೆ. ಕೆಲಸ ಬಿಡುವ ಮಾತು ಬಾಯಲ್ಲೇ ಉಳಿಯಿತು. ಲಕ್ಷ್ಮೇಶ್ವರದ ಬಸ್ಸು ಹಿಡಿದು ಬರುವಾಗ ಯಳವತ್ತಿಯಲ್ಲಿ ಒಂದಿಷ್ಟು ಹೆಂಗಸರು ಬುಟ್ಟಿ ಹೊತ್ತು ಹತ್ತಿದರು. ಬುಟ್ಟಿಗೆ ಜಾಗ ಮಾಡಿಕೊಡುತ್ತ ಕೂತಿದ್ದಾಗ ನನ್ನ ಮಂದ ತಲೆಗೆ ಹೊಳೆಯಿತು. ಆ ಹೆಣ್ಣುಮಗಳು ಮೇಡಂ ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು. ಮದುವೆಯಾದಾಗಿನಿಂದ ಯಾವ ಹೆಂಗಸು ನಿದ್ದೆಯಲ್ಲಿ ದೇಗಿನ ಮುಂದೆ ಕೂತಿರುತ್ತಾಳೋ ಅವಳ ಆಸೆ ಏನೆಂದು ಇನ್ನೇನು ಕೇಳುವುದು?

ಕೂಸಿನ ಜ್ವರ ಇಳಿಯಿತು. ಸರ್ಕಾರಿ ದವಾಖಾನೆಯ ಸೂಜಿಯಿಂದ ಇಳಿಯಿತು, ನನ್ನಿಂದಲ್ಲ. ಆ ಮೇಲಿನ ಗುರುವಾರ ಎಲ್ಲರೂ ಎದ್ದು ಹೋದ ಮೇಲೆ ಬಾವರ್ಚಿಯ ಮಗಳನ್ನು ಕೂಡಿಸಿಕೊಂಡೆ.

"ನಿನಗ ದೇಗು ಮಾಡಬೇಕಂತೈತಿ, ಹೌದಿಲ್ಲೋ?"

ಕಳ್ಳತನದಲ್ಲಿ ಸಿಕ್ಕವಳ ಹಾಗೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಳು ಮುಗಿಯಲಿ ಎಂದು ನಾನು ಅಕ್ಕಿ ಆರಿಸುತ್ತ ಕೂತೆ. ಆಮೇಲೆ ಹೇಳಿದಳು. ಮದುವೆಯ ದೇಗು ಆಳು ಇಳಿದು ತೊಳೆಯುವಷ್ಟು ದೊಡ್ಡದು. ಚಿಕ್ಕವಳಿದ್ದಾಗ ಅಪ್ಪ ಊರೂರಿಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಅಕ್ಕಿಯ ಕಾಳು ಬೆರಳಲ್ಲಿ ಒತ್ತಿ ನೋಡುವುದು, ಒಳಗೆ ಎಳ್ಳಿನಷ್ಟು ಗಟ್ಟಿ ಉಳಿದಾಗ ಗಂಜಿ ಬಸಿಯುವುದು, ಮಾಂಸದ ಮೇಲೆ ಅನ್ನ ಹಾಸುವುದು, ಕಣಕದಿಂದ ಮುಚ್ಚಳದ ಸಂದು ಮೆತ್ತಿ ಒಳಗಿನ ಹಬೆಯಲ್ಲೇ ಬೇಯಲು ಬಿಡುವುದು. ಅದಕ್ಕೆ ದಮ್ಮು ಎನ್ನುತ್ತಾರೆ. ದೊಡ್ಡವಳಾದ ದಿನದಿಂದ ಅಪ್ಪ ಅವಳನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದ. ಕೆಲಸ ಅಣ್ಣನಿಗೆ ಹೋಯಿತು.

"ಒಂದ ಮದಿವಿ ಖಾಲಾ. ಒಂದ ಮದಿವಿದು ನನ್ನ ಕೈಲೆ ಆಗಬೇಕು. ಅಷ್ಟ."

ನಾನು ಹಿಡಿದ ದಾರಿ ನನ್ನದೇ. ನಾವು ನಮಾಜಿಗೆ ನಿಲ್ಲುವ ಮೊದಲು ಇಂಥ ನಮಾಜು ಮಾಡುತ್ತೇನೆ ಎಂದು ನಿಯ್ಯತ್ತು ಮಾಡುತ್ತೇವೆ, ಅಂದರೆ ಮನಸ್ಸು ಕಟ್ಟುತ್ತೇವೆ. ಕೈ ಕಟ್ಟಿದ ಮೇಲೆ ಕತ್ತು ತಿರುಗಿಸಿ ಅತ್ತಿತ್ತ ನೋಡುವ ಹಾಗಿಲ್ಲ. ಕೂಟದಲ್ಲಿಯೂ ಹಾಗೇ ಮಾಡಿಸುತ್ತಿದ್ದೆ. ನಮ್ಮವರು ಬಿಸ್ಮಿಲ್ಲಾ ಹೇಳಿ, ಲಿಂಗಾಯತರ ಹೆಣ್ಣುಮಕ್ಕಳು ಕೊರಳಿನ ಲಿಂಗ ಹಿಡಿದು, ಮಾಡುವುದನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಬೇಕು. ಎಮ್ಮೆಯ ಕನಸು ಹೇಳಿದ್ದವಳು ಹಾರ್ಮೋನಿಯಂ ಕಲಿಯುತ್ತೇನೆ ಎಂದು ಹೇಳಿ ಕಲಿಯಲು ಹೋಗಿದ್ದಳು. ಬಾವರ್ಚಿಯ ಮಗಳಿಗೆ ಮಾತ್ರ ಬಿಸ್ಮಿಲ್ಲಾ ಆದ ಮೇಲೆ ದನಿಯೇ ಹೊರಡಲಿಲ್ಲ. ವಾರವಾರವೂ ಬಾಯಿ ತೆರೆಯುವಳು, ಮುಚ್ಚುವಳು.

ಹೇಳದಿದ್ದರೆ ಬೇಡ, ಕೈಯಾದರೂ ಆಡಲಿ ಎಂದು ನಮ್ಮ ಹಿತ್ತಲಲ್ಲಿ ಒಲೆ ಹೂಡಿಸಿದೆ. ಸತ್ತವರ ಹೆಸರಲ್ಲಿ ಓದಿಸುವ ಫಾತಿಹಾದ ಅನ್ನ, ನೆರೆಹೊರೆಯವರಿಗೆ ಹಂಚುವಷ್ಟು. ಕಣಕ ಮೆತ್ತಿದಳು, ಸರಿ. ಸ್ವಲ್ಪ ಹೊತ್ತಿಗೆ ಕಣಕ ಕಿತ್ತು ಮುಚ್ಚಳ ಎತ್ತಿ ನೋಡಿದಳು. ಮತ್ತೆ ಮೆತ್ತಿದಳು. ಮತ್ತೆ ಎತ್ತಿದಳು. ಹಬೆಯೆಲ್ಲ ಹಾರಿಹೋಯಿತು. ಮೇಲಿನದು ಹಸಿ, ತಳ ಇದ್ದಿಲು. ಮಸಿ ಕೈಯಲ್ಲಿ ಹಣೆ ಹಿಡಿದು ಕೂತಳು.

"ನೋಡ್ರಿ ಖಾಲಾ. ಕನಸಿನ್ಯಾಗಿಂದ ಖರೇ ಆತು."

"ಕನಸಲ್ಲ, ಮುಚ್ಚಳ. ಎಷ್ಟ ಸಲ ತಗದಿ?"

"ಒಳಗ ಏನಾಗೇತೋ ಅಂತ ಜೀವ ತಡೀಲಿಲ್ರಿ."

"ನಿಮ್ಮಪ್ಪ ತಗದ ನೋಡತಿದ್ನೇನು?"

"ಇಲ್ರಿ. ದೇಗಿನ ಮೈಗೆ ನೀರ ಸಿಡಸತಿದ್ದ. ಆ ಚುರ್ ಅನ್ನೋ ಸಪ್ಪಳ ಕೇಳೇ ಹೇಳತಿದ್ದ."

"ನಿನಗ ಕೇಳಸೂದಿಲ್ಲೇನು?"

"ಕೇಳಸತೈತ್ರಿ. ನನ್ನ ಕಿವಿ ಮ್ಯಾಲ ನನಗ ನಂಬಿಗಿ ಇಲ್ಲ."

ನಮಾಜು ಕಲಿಯುವ ಹುಡುಗಿಯರಿಗೆ ಬೈಯುವ ಹಾಗೇ ಇವಳಿಗೂ ಬೈದೆ. ಕಣಕ ಮೆತ್ತಿದೆಯೋ ಕೈ ಕಟ್ಟಿದ ಹಾಗೆ, ಇನ್ನು ನೋಡುವ ಹಾಗಿಲ್ಲ ಎಂದೆ. ಮುಂದಿನ ಸಲ ದಮ್ಮು ಕೊಟ್ಟ ಮೇಲೆ ಅವಳನ್ನು ಕೋಣೆಗೆ ದೂಡಿ ಪ್ರವಾದಿಯವರ ಮೇಲಿನ ದರೂದ್ ಪ್ರಾರ್ಥನೆ ಹೇಳುತ್ತ ಕೂಡು ಎಂದು ಹೊರಗಿನಿಂದ ಚಿಲಕ ಹಾಕಿದೆ. ಒಳಗಿನಿಂದ ಬಾಗಿಲು ಬಡಿದಳು. ತೆಗೆಯಲಿಲ್ಲ. ಅವತ್ತು ಅನ್ನ ತಿನ್ನುವ ಹಾಗಿತ್ತು. ಅದರ ಮುಂದಿನ ಸಲ ಚೆನ್ನಾಗಿತ್ತು. ತಿಂದವರು ತಟ್ಟೆ ತಂದು ಮತ್ತೆ ಕೇಳಿದರು. ಅತ್ತೆಯೂ ಒಂದು ತಟ್ಟೆ ತಿಂದಳು, ಒಳ್ಳೆಯದೂ ಅನ್ನಲಿಲ್ಲ, ಕೆಟ್ಟದ್ದೂ ಅನ್ನಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ಮಾತು.

ಸುದ್ದಿ ಲಕ್ಷ್ಮೇಶ್ವರಕ್ಕೆ ಹೋಯಿತು. ಅವಳ ಅಣ್ಣ, ಈಗ ಬಾವರ್ಚಿ ಕೆಲಸ ಮಾಡುವವನು, ನಮ್ಮ ಮನೆಗೆ ಬಂದ. ಸಿಟ್ಟಿತ್ತು, ಆದರೂ ಚಪ್ಪಲಿ ಹೊರಗೆ ಬಿಟ್ಟು ಸಲಾಂ ಹೇಳಿ ಕೂತ.

"ಖಾಲಾ, ದೇಗಿನ ಮುಂದ ಹೆಂಗಸು ನಿಂತ್ರ ಬರಕತ್ ಹೋಗತೈತ್ರಿ, ಅನ್ನ ಸಾಲಂಗಿಲ್ಲ."

"ನಿಮ್ಮ ಮನ್ಯಾಗ ದಿನಾ ಬೇಯಸೂದು ಯಾರಪಾ, ನಿಮ್ಮಜ್ಜನ?"

ಅವನು ನಗಲಿಲ್ಲ. ಕೈಯಲ್ಲಿದ್ದ ಟೊಪ್ಪಿಗೆ ಮಡಿಚಿದ, ಬಿಚ್ಚಿದ.

"ಹೋಗ್ಲಿ, ಅದು ಮಂದಿ ಮಾತು. ನಂದೊಂದು ಕೇಳ್ರಿ. ಅಪ್ಪ ಸತ್ತ ಹೊಸದಾಗಿ ನನ್ನ ಕೈಯಾಗ ಒಂದು ದೇಗು ಹಸೀ ಉಳೀತು. ಬೀಗರು ಉಣ್ಣೂದು ಬಿಟ್ಟು ಎದ್ದ ಹ್ವಾದ್ರು. ನನಗ ಯಾರೂ ಏನೂ ಅನ್ನಲಿಲ್ರಿ. ಆ ಮದಿವಿ ಹುಡುಗಿ ಐತಲ್ರಿ, ಆಕಿಗೆ ಇವತ್ತಿಗೂ ಗಂಡನ ಊರಾಗ ಹಸೀ ಅನ್ನದಾಕಿ ಅಂತಾರ. ಮೂರು ಮಕ್ಕಳ ತಾಯಿ ಈಗ. ಇನ್ನೂ ಅಂತಾರ. ನನ್ನ ತಂಗಿ ಕೈಲೆ ಅಂಥಾದ್ದೊಂದು ಆತಂದ್ರ ಆಕಿ ಬದುಕಂಗಿಲ್ಲ. ಹಿತ್ತಲದಾಗ ಮಾಡ್ಲಿ, ಬ್ಯಾಡನ್ನಂಗಿಲ್ಲ. ಮದಿವಿಗೆ ಕಳಸಬ್ಯಾಡ್ರಿ."

ಅವನು ಹೋದ ಮೇಲೆ ಅಂಜಿಕೆ ನನ್ನ ಮನೆಯಲ್ಲೇ ಉಳಿಯಿತು. ಅಲ್ಲಿಯವರೆಗೆ ಅನ್ನ ಕೆಟ್ಟರೆ ಇವಳಿಗೆ ನಾಚಿಕೆ, ಅಷ್ಟೇ ಎಂದುಕೊಂಡಿದ್ದೆ. ಈಗ ನಾನು ನೋಡಿಯೇ ಇಲ್ಲದ ಯಾವಳೋ ಮದುಮಗಳು ನಡುವೆ ಬಂದು ನಿಂತಳು. ಒಬ್ಬಳ ಆಸೆ ಎತ್ತಿ ಕೊಡಲು ಹೋಗಿ ಇನ್ನೊಬ್ಬಳ ಹೆಸರಿಗೆ ಮಸಿ ಬಳಿದರೆ ಯಾವ ದೇವರ ಮುಂದೆ ಹೋಗಿ ನಿಲ್ಲುವುದು? ಮದುವೆಯ ಮಾತು ಎತ್ತುವುದನ್ನೇ ಬಿಟ್ಟೆ.

ಮಾತು ತಾನಾಗಿಯೇ ನಡೆದು ಬಂತು. ರಮಜಾನ್ ಹತ್ತಿರವಾಗಿತ್ತು. ಉಪವಾಸ ಹಿಡಿಯುವ ಮೊದಲು ಮದುವೆ ಮುಗಿಸಲು ಎಲ್ಲರಿಗೂ ಅವಸರ. ಒಂದು ಗುರುವಾರ ಕೂಟ ನಡೆದಾಗಲೇ ಹಿರೇವಡ್ಡಟ್ಟಿಯ ಒಬ್ಬ ವಿಧವೆ ಹುಡುಕಿಕೊಂಡು ಬಂದಳು. ಅವಳ ತಾಯಿಯ ಕೊನೆಯ ಸ್ನಾನ ನಾನೇ ಮಾಡಿಸಿದ್ದು, ಆ ಪರಿಚಯ. ಮಗಳ ನಿಖಾ ಮುಂದಿನ ವಾರ, ಹುಡುಗ ಮುಂಡರಗಿಯವ. ಒಪ್ಪಿಕೊಂಡಿದ್ದ ಬಾವರ್ಚಿ ಕೈ ಮುರಿದುಕೊಂಡು ಮಲಗಿದ್ದಾನೆ.

"ಗದಗ ತಿರುಗಿ ಬಂದೆ, ಲಕ್ಷ್ಮೇಶ್ವರ ತಿರುಗಿ ಬಂದೆ. ಎಲ್ಲಾರೂ ಬ್ಯಾರೆ ಮದಿವಿ ಒಪ್ಪಿಕೊಂಡು ಕುಂತಾರ. ನಿಮಗ ಯಾರರ ಗೊತ್ತದಾರೇನ್ರಿ ಅಕ್ಕಾ? ಮುಂಡರಗಿ ಮಂದಿ ಉಣ್ಣೂದ್ರಾಗ ಭಾಳ ತಪ್ಪ ಹುಡುಕತಾರ."

ಕೂಟದ ಹೆಂಗಸರೆಲ್ಲ ಬಾಗಿಲ ಕಡೆ ನೋಡಿದರು. ಅಲ್ಲಿ ಕೂತವಳು ನೆಲ ನೋಡುತ್ತಿದ್ದಳು. ನಾನು ಒಂದು ಮಾತು ಆಡಿದರೆ ಅವಳು ಒಪ್ಪುತ್ತಾಳೆ, ಗೊತ್ತಿತ್ತು. ಆಡಲಿಲ್ಲ. ನಾನು ಆಡಿದರೆ ಅದು ನನ್ನ ನಿಯ್ಯತ್ತು, ಅವಳದಲ್ಲ. ಖರೆ ಹೇಳಬೇಕೆಂದರೆ ಅವಳು ಸುಮ್ಮನಿರಲಿ ಎಂದೇ ಒಳಗೊಳಗೆ ಬೇಡುತ್ತಿದ್ದೆ.

ಅವಳು ಎದ್ದು ನಿಂತಳು. ಬಿಸ್ಮಿಲ್ಲಾ ಎಂದಳು. ಬಾಯಿ ತೆರೆದಳು, ಈ ಸಲ ಮುಚ್ಚಲಿಲ್ಲ.

"ನಾ ಮಾಡತೀನಿ," ಎಂದಳು. "ನಿಮ್ಮ ಮಗಳ ಮದಿವಿ ಅನ್ನ ನಾ ಮಾಡತೀನಿ."

ವಿಧವೆ ನನ್ನ ಮುಖ ನೋಡಿದಳು. "ಹೆಂಗಸರು?"

"ಆಕೀನ್ನ ಕೇಳು," ಎಂದೆ. "ನನಗ ಅಡಗಿ ಬರಂಗಿಲ್ಲ."

ಎಸ್‌ಟಿಡಿ ಅಂಗಡಿಯಿಂದ ಮೇಡಂಗೆ ಫೋನು ಮಾಡಿದೆ. ಇಷ್ಟು ದೊಡ್ಡದು ಈಗಲೇ ಬೇಡ, ಸಣ್ಣ ಸಮಾರಂಭದಿಂದ ಹೋಗೋಣ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಆದರೆ ನಿಯ್ಯತ್ತು ಕಟ್ಟಿ ಆಗಿತ್ತು. ಬಿಡಿಸಲು ನನಗೆ ಹಕ್ಕಿರಲಿಲ್ಲ.

ಮದುವೆಯ ಹಿಂದಿನ ದಿನವೇ ಇಬ್ಬರೂ ಹಿರೇವಡ್ಡಟ್ಟಿಗೆ ಹೋದೆವು. ಬಸ್ಸಿನಲ್ಲಿ ಅವಳು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡೇ ಕೂತಿದ್ದಳು. ಬೆಳಗಿನ ನಮಾಜಾದ ಕೂಡಲೇ ಹಿತ್ತಲಲ್ಲಿ ಹಾಸಿಗೆ ವಸ್ತ್ರಗಳ ಪರದೆ ಕಟ್ಟಿಸಿ ಒಲೆ ಹೂಡಿದಳು. ಸಣ್ಣ ದೇಗಿನಲ್ಲಿ ದಾಲ್ಚಾ ಎಂಬ ಬೇಳೆಸಾರು, ದೊಡ್ಡದರಲ್ಲಿ ಬಿರ್ಯಾನಿ. ಎತ್ತಿ ಇಳಿಸಲು ಮದುಮಗಳ ಸೋದರಮಾವ ಮತ್ತು ಅವನ ಜೊತೆಗಾರರು. ಬಾವರ್ಚಿ ಹೆಂಗಸು ಎಂದು ಬೀಗರಿಗೆ ಹೇಳಿರಲಿಲ್ಲ. ಸೋದರಮಾವನೇ ಬೇಡ ಎಂದಿದ್ದ.

ಒಗ್ಗರಣೆ, ಮಾಂಸ, ಅಕ್ಕಿ ಬಸಿಯುವುದು, ಎಲ್ಲ ಸರಿ ನಡೆಯಿತು. ಕಾಳು ಒತ್ತಿ ನೋಡಿ ಹೊತ್ತಿಗೆ ಸರಿಯಾಗಿ "ಬಸೀರಿ" ಎಂದಳು. ಅನ್ನ ಹಾಸಿ, ಕಣಕ ಮೆತ್ತಿ, ಒಲೆಯ ಉರಿ ಎಳೆದು ಕೆಂಡ ಹರವಿದಳು. ಒಂದಿಷ್ಟು ಕೆಂಡ ಮುಚ್ಚಳದ ಮೇಲೂ ಹಾಕಿದಳು. ದಮ್ಮು ಶುರುವಾಯಿತು.

ಆಮೇಲೆ ಮೂಡಣ ಗಾಳಿ ಎದ್ದಿತು. ಆ ಊರಿನ ಸುತ್ತ ಎರೆಹೊಲ, ಗಾಳಿಗೆ ಅಡ್ಡ ಒಂದು ಗಿಡವಿಲ್ಲ. ಪರದೆ ಹಾಯಿಯ ಹಾಗೆ ಉಬ್ಬಿತು. ಪಡುವಣ ಬದಿಯ ಕೆಂಡ ಕೆಂಪಗೆ ಕಾಯ್ದು, ಮೂಡಣ ಬದಿಯದು ಬೂದಿಯಾಗತೊಡಗಿತು. ಅಷ್ಟರಲ್ಲಿ ಮುಂಡರಗಿಯ ದಿಬ್ಬಣ ಬಂದು ಚಪ್ಪರದಲ್ಲಿ ನಿಖಾ ನಡೆದ ಸದ್ದು ಕೇಳಿತು.

ಅವಳು ನೀರಿನಲ್ಲಿ ಬೆರಳು ಅದ್ದಿ ದೇಗಿನ ಮೈಗೆ ಸಿಡಿಸಿದಳು. ಪಡುವಣ ಬದಿಗೆ ಚುರ್ ಎಂದಿತು. ಮೂಡಣ ಬದಿಗೆ ನೀರು ಸುಮ್ಮನೆ ಇಳಿದು ಹೋಯಿತು. ಮತ್ತೆ ಸಿಡಿಸಿದಳು. ಮತ್ತೆ ಸುಮ್ಮನೆ ಇಳಿಯಿತು.

ಅವಳ ಮುಖದ ಬಣ್ಣ ನಾನು ನೋಡಿದೆ. ಆ ಬಣ್ಣ ನನಗೆ ಪರಿಚಯದ್ದು, ನನ್ನ ಕೆಲಸದಲ್ಲಿ ದಿನಾ ನೋಡುವಂಥದ್ದು. ಬದುಕಿದವರ ಮುಖದ ಮೇಲೆ ನೋಡಿರಲಿಲ್ಲ.

"ಅರ್ಧ ಹಸೀ ಐತಿ ಖಾಲಾ."

ಸೋದರಮಾವ ಕಬ್ಬಿಣದ ಸಲಾಕೆ ಹಿಡಿದು ಬಂದ. "ತಗೀರಿ, ನೋಡೂಣು. ಹಸೀ ಇದ್ರ ಇನ್ನೊಂದೀಟು ನೀರ ಹಾಕೂಣು."

ಅವಳ ಕೈ ಸಲಾಕೆಗೆ ಹೋಯಿತು. ಮುಚ್ಚಳದ ಮೇಲಿನ ಕೆಂಡವನ್ನು ಸ್ವಲ್ಪ ಸರಿಸಿಯೂ ಬಿಟ್ಟಳು. ನನ್ನ ಕಡೆ ತಿರುಗಿದಳು.

"ತಗೀಲೇನ್ರಿ?"

ಬೇಡ ಎನ್ನಲು ನನಗೇನು ಗೊತ್ತು? ತೆಗೆಯದೆ ಅನ್ನ ಹಸಿ ಉಳಿದರೆ ಒಳಗೆ ಮೆಹಂದಿ ಕೈಯಲ್ಲಿ ಕೂತ ಮದುಮಗಳ ಹೆಸರು ಕೆಡುತ್ತದೆ. ತೆಗೆ ಎನ್ನಲು ಹೋದರೆ ಹಿತ್ತಲಲ್ಲಿ ಕೆಟ್ಟ ಅನ್ನ ನೆನಪಾಯಿತು.

"ನನ್ನ ಕೇಳಬ್ಯಾಡ," ಎಂದೆ. "ನಿನ್ನ ಕಿವಿ ಏನ ಹೇಳತೈತಿ?"

ಅವಳು ಮತ್ತೊಮ್ಮೆ ನೀರು ಸಿಡಿಸಿದಳು, ಕೆಳಗಿನಿಂದ ಮೇಲಿನವರೆಗೆ, ಸುತ್ತಲೂ, ಕಣ್ಣು ಮುಚ್ಚಿ. ಮೇಲಿನ ಅಂಚಿನಲ್ಲಿ ಮಾತ್ರ ಎರಡೂ ಬದಿಗೆ ಸಣ್ಣಗೆ ಚುರ್ ಎಂದಿತು.

ಸೋದರಮಾವ ಹಣೆ ಬಡಿದುಕೊಂಡ. "ತಗದ ನೋಡೂದ ಬಿಟ್ಟು ನೀರ ಹೊಡದ ಮಂತ್ರಾ ಹಾಕತಾಳಲ್ಲಪಾ!"

ಅವಳು ಸಲಾಕೆಯನ್ನು ದೂರ ಎಸೆದಳು. "ತಗ್ಯಾಂಗಿಲ್ಲ. ಒಳಗ ಹಬಿ ಐತಿ. ಅದು ಹ್ವಾದ್ರ ಎಲ್ಲಾ ಹೋತು. ಗೋಣಿಚೀಲ ತೋಯಿಸಿ ಮೂಡ ದಿಕ್ಕಿಗೆ ಕಟ್ರಿ. ನಾಕು ಮಂದಿ ಬರ್ರಿ, ದೇಗು ತಿರುವಬೇಕು. ಎತ್ತಬ್ಯಾಡ್ರಿ, ಕುಂತಲ್ಲೇ ತಿರುವ್ರಿ. ಕಣಕ ಬಿರದ್ರ ನಿಮ್ಮ ಕೈ ಮುರೀತೀನಿ!" ನನ್ನ ಕಡೆ ನೋಡಿದಳು. "ಖಾಲಾ, ನನಗ ಹೊತ್ತು ಬೇಕು."

ಹೊತ್ತು ತರುವುದು ನನ್ನ ಪಾಲಿಗೆ ಬಂತು. ಗಂಡಸರ ಚಪ್ಪರಕ್ಕೆ ಹೆಂಗಸರು ಹೋಗುವ ರೂಢಿ ನಮ್ಮಲ್ಲಿಲ್ಲ. ಸೆರಗು ಬಿಗಿದುಕೊಂಡು ಹೋದೆ. ನಿಖಾ ಆಗಲೇ ಮುಗಿದಿತ್ತು, ಊಟಕ್ಕೆ ನೆಲದ ಮೇಲೆ ದಸ್ತರಖಾನ್ ಬಟ್ಟೆ ಹಾಸುತ್ತಿದ್ದರು. ಸಾಲುಸಾಲಾಗಿ ಕೂತ ಗಂಡಸರೆಲ್ಲ ನನ್ನನ್ನೇ ನೋಡಿದರು. ಖಾಜಿಯ ಮುಂದೆ ನಿಂತೆ.

"ಖಾಜಿ ಸಾಹೇಬ್ರ, ಮದ್ಲ ಮಧ್ಯಾಹ್ನದ ನಮಾಜ ಆಗಿಬಿಡ್ಲಿ. ಆಮ್ಯಾಲೆ ಊಟಾ."

ಹುಡುಗನ ಕಡೆಯ ಹಿರಿಯ, ಗಡ್ಡಕ್ಕೆ ಮೆಹಂದಿ ಹಚ್ಚಿದವ, ಕುಂತಲ್ಲಿಂದಲೇ ಕೇಳಿದ: "ಯಾಕವಾ? ಅನ್ನ ಹಸೇದೈತೇನು?"

ಆ ಮಾತು ಅವನ ಬಾಯಿಂದಲೇ ಬಂತು. ನಮಾಜಿನ ಹೆಸರು ಹೇಳಿ ಬಂದವಳು ಸುಳ್ಳು ಹೇಗೆ ಹೇಳುವುದು?

"ಆಗೇತಂತ ನಾ ಹೇಳಂಗಿಲ್ಲ, ಹಸೇದೈತಂತನೂ ಹೇಳಂಗಿಲ್ಲ, ನಾ ನೋಡಿಲ್ಲ. ದಮ್ಮಿನ ಮ್ಯಾಲ ಐತಿ. ನಮಾಜಿನ ಹೊತ್ತಿನ್ಯಾಗ ತಾಟ ಮುಂದ ಇಟಗೊಂಡ ಕುಂಡ್ರೂದು ಮುಂಡರಗಿ ರೂಢಿ ಇದ್ರ, ಆತು, ಈಗ ಬಡಸತೀವಿ."

ಹಿಂದೆ ಯಾರೋ ನಕ್ಕರು. ಖಾಜಿ ಎದ್ದು ಅಂಗಿಯ ತೋಳು ಮಡಿಚಿದ. ಒಬ್ಬೊಬ್ಬರೇ ಕೈಕಾಲು ಮುಖ ತೊಳೆದು ವಜೂ ಮಾಡಲು ಎದ್ದರು. ಮುದುಕ ಎಲ್ಲರಿಗಿಂತ ಕೊನೆಗೆ ಎದ್ದ. ಹೋಗುವಾಗ ನನ್ನನ್ನು ನೋಡಿದ ನೋಟ ಒಳ್ಳೆಯದಿರಲಿಲ್ಲ.

ಹಿತ್ತಲಿಗೆ ಬಂದರೆ ದೇಗು ತಿರುಗಿ ಕೂತಿತ್ತು, ಒದ್ದೆ ಚೀಲಗಳ ಗೋಡೆಯ ಮರೆಯಲ್ಲಿ ಹೊಸ ಕೆಂಡ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತುಟಿ ಆಡಿಸುತ್ತಿದ್ದಳು. ದರೂದ್ ಇರಬೇಕು. ನಾನೂ ಹೇಳಲು ಶುರು ಮಾಡಿದೆ. ಚಿಕ್ಕಂದಿನಿಂದ ಬಾಯಿಪಾಠವಿದ್ದದ್ದು ಅರ್ಧಕ್ಕೇ ಮರೆಯಿತು. ಮದುಮಗಳ ತಾಯಿ ಎರಡು ಸಲ ಬಂದು ಪರದೆಯ ಸಂದಿನಲ್ಲಿ ಇಣುಕಿ ಹೋದಳು. ನಮಾಜು ಮುಗಿಸಿದ ಗಂಡಸರ ಮಾತು ಮತ್ತೆ ಕೇಳಿಸತೊಡಗಿತು. ತಟ್ಟೆಗಳ ಸದ್ದು. ಅವಳು ನೀರು ಸಿಡಿಸಿದಳು. ಸುತ್ತಲೂ ಚುರ್ ಎಂದಿತು, ನನಗೂ ಕೇಳಿತು. ಆದರೂ ಅವಳು ಇನ್ನಷ್ಟು ಹೊತ್ತು ಕಾದಳು. ಸೋದರಮಾವ ಹಲ್ಲು ಕಡಿದ. ಕಾದಳು.

ಆಮೇಲೆ ಬಿಸ್ಮಿಲ್ಲಾ ಎಂದು ಕಣಕ ಒಡೆದಳು.

ಹಬೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಅವಳು ಮೂಡಣ ಬದಿಗೆ ಇದ್ದ ಕಡೆಯಿಂದ ಒಂದು ಕಾಳು ತೆಗೆದು ಒತ್ತಿದಳು. ನನ್ನ ಕೈಗೂ ಒಂದು ಕೊಟ್ಟಳು. ಬೆಂದಿತ್ತು. ಅನ್ನ ಕಾಳು ಕಾಳಾಗಿ ನಿಂತಿತ್ತು. ಪಡುವಣ ಬದಿಗೆ ಇದ್ದ ಕಡೆಯ ತಳ ಮಾತ್ರ ಹತ್ತಿತ್ತು, ವಾಸನೆ ಸ್ವಲ್ಪ ಇತ್ತು. ಆ ಮಗ್ಗುಲು ಮುಟ್ಟದೆ ನಡುವಿನಿಂದ ತೆಗೆದು ಕೊಟ್ಟಳು. ಮೊದಲ ಪಂಕ್ತಿ ಕೂತಿತು. ಉಂಡಿತು. ಯಾರೂ ಎದ್ದು ಹೋಗಲಿಲ್ಲ. ಎರಡನೆಯ ಸಲ ಬಡಿಸಲು ಕರೆದರು.

ಉಂಡ ಮೇಲೆ ಬೀಗರ ಹಿರಿಯ ಬಾವರ್ಚಿಯನ್ನು ಕರೆದು ಮಾತಾಡಿಸುವುದು ನಮ್ಮಲ್ಲಿ ಪದ್ಧತಿ. ಅದೇ ಮುದುಕ ಪರದೆಯ ಹೊರಗೆ ಬಂದು ನಿಂತ.

"ಬಾವರ್ಚಿ ಯಾರು? ಹೊರಗ ಬಾರಪಾ."

ಸೋದರಮಾವ ಮುಂದೆ ಹೋದ. "ಲಕ್ಷ್ಮೇಶ್ವರದವ್ರು ಬಂದಿದ್ರಿ. ಅವ್ರು ಅವಾಗ್ಲೇ..."

"ನಾನ್ರಿ," ಎಂದಳು ಪರದೆಯ ಒಳಗಿನಿಂದ.

ಸೋದರಮಾವ ತಲೆ ಕೆಳಗೆ ಹಾಕಿದ. ಅವಳು ಸೌಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಯಾರ ಮಗಳವಾ ನೀನು?"

ಅಪ್ಪನ ಹೆಸರು ಹೇಳಿದಳು.

ಮುದುಕ ಗಡ್ಡ ನೀವಿಕೊಂಡ. "ತಳಾ ಹತ್ತೇತಿ. ನನಗ ವಾಸನಿ ಬಂತು. ಹೌದಿಲ್ಲೋ?"

ಇಲ್ಲ ಎನ್ನು ಎಂದು ಸೋದರಮಾವ ಕೈಸನ್ನೆ ಮಾಡಿದ. ಅವಳು ನನ್ನ ಕಡೆಗೂ ನೋಡಲಿಲ್ಲ.

"ಹೌದ್ರಿ. ಗಾಳಿಗೆ ಒಂದು ಮಗ್ಗಲಾ ಹತ್ತೇತಿ. ಆ ಕಡಿದು ಬಡಿಸಿಲ್ರಿ."

"ನನ್ನ ಮದಿವಿ ಅನ್ನ ನಿಮ್ಮಪ್ಪನ ಕೈಯಾಗಿಂದ. ಅವಂದೂ ತಳಾ ಹತ್ತಿತ್ತು. ಕೇಳಿದ್ರ ಇಲ್ಲ ಅಂದಿದ್ದ ಮಗಾ!" ಮುದುಕ ಹಿಂದಕ್ಕೆ ತಿರುಗಿ ಕೂಗಿದ: "ಏ, ಎರಡನೇ ಪಂಗತಿ ಕುಂಡ್ರಸ್ರಿ!"

ಕಟ್ಟಿಗೆಯ ರಾಶಿಯ ಮೇಲೆ ಕೂತುಬಿಟ್ಟೆ. ಪಂಕ್ತಿಗಳೆಲ್ಲ ಮುಗಿದ ಮೇಲೆ ಅವಳು ನನಗೊಂದು ತಟ್ಟೆ ತಂದು ಕೊಟ್ಟು ಎದುರಿಗೆ ಕೂತಳು, ಮುಖದ ತುಂಬ ಮಸಿ. ನಾನು ಉಣ್ಣುವುದನ್ನೇ ನೋಡುತ್ತಿದ್ದಳು.

"ಉಪ್ಪು ಒಂದೀಟು ಕಮ್ಮಿ ಆಗೇತಿ," ಎಂದೆ.

ಅವಳು ನನ್ನ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡು ಅಗಿದಳು.

"ಹೌದ್ರಿ," ಎಂದಳು. "ಮುಂದಿನ ಮದಿವ್ಯಾಗ ನೋಡೂಣು."